ಕೊಡವ ತಕ್ಕ್‌ನ ಮೊದಲ ಚಿತ್ರವನ್ನು ಚೊಚ್ಚಲ ನಿರ್ದೇಶಕರ ಪ್ರಶಸ್ತಿಗೆ ಕಳುಹಿಸುವುದು ಹೇಗೆ?

ಗೋಣಿಕೊಪ್ಪಲಿನ ಕಡೆಯವರಾದ ನೀವು ಗೆಳೆಯರ ಹಣ ಕೂಡಿಸಿಕೊಂಡು ಕೊಡವರ ನುಡಿಯಾದ ಕೊಡವ ತಕ್ಕ್‌ನಲ್ಲಿ ನಿಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರ ಮುಗಿಸಿದ್ದೀರಿ. ಚೊಚ್ಚಲ ನಿರ್ದೇಶಕರಿಗೆಂದೇ ಇರುವ ಪ್ರಶಸ್ತಿಗಳು ಯಾವುವು, ಇಷ್ಟು ಸಣ್ಣ ಭಾಷೆಯ ಚಿತ್ರಕ್ಕೆ ಅವು ಸಿಗುವುದುಂಟೇ, ಸುಗ್ಗಿಹಬ್ಬವಾದ ಪುತ್ತರಿಯ ಹೊತ್ತಿಗೆ ಊರಿನಲ್ಲಿ ಒಂದು ಪ್ರದರ್ಶನ ಮಾಡಿ ಯೂಟ್ಯೂಬ್‌ಗೆ ಹಾಕಿಬಿಡಬಹುದೇ ಎಂದು ಕೇಳಿದ್ದೀರಿ. ಮಡಿಕೇರಿಯಲ್ಲಿದ್ದುಕೊಂಡು ಇಂಥ ಚಿತ್ರಗಳಿಗೆ ಇಂಗ್ಲಿಷ್ ಉಪಶೀರ್ಷಿಕೆ ಬರೆದುಕೊಡುವುದು ನನ್ನ ಕೆಲಸ. ಉಪಶೀರ್ಷಿಕೆಯ ಜೊತೆಗೆ ಅರ್ಜಿ ತುಂಬುವ ಹೊಣೆಯೂ ಹೆಚ್ಚಿನ ಸಲ ನನ್ನ ಮೇಜಿಗೇ ಬರುವುದರಿಂದ, ಈ ವಿಷಯದಲ್ಲಿ ನನಗೆ ಒಂದಿಷ್ಟು ಖಚಿತ ಅಭಿಪ್ರಾಯಗಳಿವೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಯೂಟ್ಯೂಬ್‌ಗೆ ಹಾಕಬೇಡಿ, ಈಗಂತೂ ಬೇಡವೇ ಬೇಡ. ಚೊಚ್ಚಲ ನಿರ್ದೇಶಕನ ಕೈಯಲ್ಲಿ ಹಣವಿರುವುದಿಲ್ಲ, ಹೆಸರಿರುವುದಿಲ್ಲ. ಅವನಲ್ಲಿರುವ ಒಂದೇ ಬಂಡವಾಳವೆಂದರೆ ಇನ್ನೂ ಯಾರೂ ನೋಡಿರದ ಚಿತ್ರ. ದೊಡ್ಡ ಚಿತ್ರೋತ್ಸವಗಳು ಕೇಳುವುದು ಅದನ್ನೇ. ಫ್ರಾನ್ಸಿನ ಕಾನ್ ಉತ್ಸವವು ತಾನು ಆಯ್ದುಕೊಳ್ಳುವ ಚಿತ್ರ ಅಂತರ್ಜಾಲದಲ್ಲಿ ಬಂದಿರಬಾರದು, ತಾಯ್ನಾಡಿನ ಹೊರಗೆ ಪ್ರದರ್ಶನಗೊಂಡಿರಬಾರದು ಎಂದು ನಿಯಮವನ್ನೇ ಮಾಡಿಕೊಂಡಿದೆ. ಒಮ್ಮೆ ಅಂತರ್ಜಾಲಕ್ಕೆ ಹೋದ ಚಿತ್ರವನ್ನು ಆಮೇಲೆ ಅಳಿಸಿಹಾಕಿದರೂ ಅದು ತೋರಿಸಿದ ಚಿತ್ರವೇ.

ಭಾಷೆಯ ಬಗೆಗಿನ ನಿಮ್ಮ ಅಳುಕಿಗೆ ಆಧಾರವಿಲ್ಲ ಎಂದೇ ನನ್ನ ಎಣಿಕೆ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನಿರ್ದೇಶಕರ ಅತ್ಯುತ್ತಮ ಚೊಚ್ಚಲ ಚಿತ್ರಕ್ಕೆ ಸ್ವರ್ಣ ಕಮಲವಿದೆ. 1980ರ ಚಿತ್ರಗಳಿಂದ ಆರಂಭವಾದ ಇದು ಬಹುಕಾಲ ಇಂದಿರಾ ಗಾಂಧಿಯವರ ಹೆಸರಿನಲ್ಲಿತ್ತು. 2024ರಲ್ಲಿ ನಿಯಮ ಬದಲಾಗಿ ಹೆಸರು ಕಳಚಿತು, ಬಹುಮಾನದ ಮೊತ್ತ 3 ಲಕ್ಷ ರೂಪಾಯಿಗೆ ಏರಿತು, ಮತ್ತು ಅದುವರೆಗೆ ನಿರ್ಮಾಪಕರ ಜೊತೆ ಹಂಚಿಕೊಳ್ಳಬೇಕಾಗಿದ್ದ ಹಣ ಪೂರ್ತಿಯಾಗಿ ನಿರ್ದೇಶಕರಿಗೇ ಸಲ್ಲುವಂತಾಯಿತು. ಈ ಪ್ರಶಸ್ತಿ 2017ರ ಸಾಲಿನಲ್ಲಿ ಹೋದದ್ದು ಲಕ್ಷದ್ವೀಪದ ಜಸರಿ ನುಡಿಯ ‘ಸಿಂಜಾರ್’ ಚಿತ್ರಕ್ಕೆ. 2022ರ ಸಾಲಿನಲ್ಲಿ ಹರಿಯಾಣ್ವಿಯ ‘ಫೌಜಾ’ಕ್ಕೆ. ಇವೆರಡೂ ಕೊಡವ ತಕ್ಕ್‌ನಂತೆಯೇ ಸಂವಿಧಾನದ ಎಂಟನೇ ಪರಿಚ್ಛೇದದ ಹೊರಗಿರುವ ಭಾಷೆಗಳು. ಅದೂ ಅಲ್ಲದೆ, ಅಂಥ ಭಾಷೆಗಳ ಚಿತ್ರಗಳಿಗೆ ಆಯಾ ಭಾಷೆಯ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಗೂ ಅವಕಾಶವಿದೆ. 2019ರ ಸಾಲಿನಲ್ಲಿ ತುಳುವಿನ ‘ಪಿಂಗಾರ’ಕ್ಕೆ ಹಾಗೂ ನಮ್ಮ ಗಡಿಯಾಚೆಗಿನ ವಯನಾಡಿನ ಪಣಿಯ ನುಡಿಯ ‘ಕೆಂಜಿರ’ಕ್ಕೆ ಅದು ಸಂದಿತು. ಆದ್ದರಿಂದ ಒಂದೇ ಅರ್ಜಿಯಲ್ಲಿ ನಿಮಗೆ ಎರಡು ಬಾಗಿಲು ತೆರೆದಿರುತ್ತವೆ. ಕನ್ನಡದಲ್ಲಿ ಮೊದಲ ಚಿತ್ರ ಮಾಡಿದವನು ವರ್ಷವೊಂದರಲ್ಲಿ ತಯಾರಾಗುವ ಇನ್ನೂರು ಚಿಲ್ಲರೆ ಚಿತ್ರಗಳೊಡನೆ ಸ್ಪರ್ಧಿಸಬೇಕಾದರೆ, ನಿಮ್ಮ ಭಾಷೆಯ ವಿಭಾಗದಲ್ಲಿ ಆ ನೂಕುನುಗ್ಗಲಿಲ್ಲ.

ಅಡಚಣೆ ಇರುವುದು ಬೇರೆ ಕಡೆ. ನಮ್ಮ ದೇಶದ ಈ ಪ್ರಶಸ್ತಿಯಲ್ಲಿ ‘ಸ್ವತಂತ್ರ ಚಿತ್ರ’ ಎಂಬ ಪ್ರತ್ಯೇಕ ವರ್ಗವಿಲ್ಲ. ನಾಲ್ವರು ಗೆಳೆಯರು ಕೂಡಿ ಮಾಡಿದ ಚಿತ್ರವೂ ಹೆಸರುವಾಸಿ ಸಂಸ್ಥೆಯೊಂದು ಹೊಸ ನಿರ್ದೇಶಕನಿಗೆ ಹಣ ಹೂಡಿದ ಚಿತ್ರವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಅಮೆರಿಕದಲ್ಲಿ ಸ್ವತಂತ್ರ ಚಿತ್ರಗಳಿಗೆಂದೇ ಇರುವ ಸ್ಪಿರಿಟ್ ಪ್ರಶಸ್ತಿಗಳಲ್ಲಿ ಮೊದಲ ಚಿತ್ರಕ್ಕೆ ಪ್ರತ್ಯೇಕ ಬಹುಮಾನವಿದೆ, 1987ರಲ್ಲಿ ಅದನ್ನು ಮೊದಲು ಪಡೆದವರು ಸ್ಪೈಕ್ ಲೀ. ಅಲ್ಲಿ ವೆಚ್ಚಕ್ಕೆ ಮಿತಿ ಹಾಕಿದ್ದಾರೆ ನಿಜ, ಆದರೆ ಆ ಮಿತಿ 3 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಇನ್ನೂರು ಕೋಟಿ ರೂಪಾಯಿಗೂ ಮಿಗಿಲಾದ ಚಿತ್ರವನ್ನು ಬಡ ಸ್ವತಂತ್ರ ಚಿತ್ರವೆಂದು ಕರೆಯುವುದನ್ನು ಕೇಳಿದರೆ ನಮ್ಮ ಕಡೆಯ ನಿರ್ಮಾಪಕರು ನಕ್ಕಾರು. ಅದು ಮುಖ್ಯವಾಗಿ ಅಮೆರಿಕದ ಚಿತ್ರಗಳಿಗೆ ಮೀಸಲಾದದ್ದು, ಅದನ್ನು ಬಿಡಿ.

ವಿದೇಶದ ಉತ್ಸವಗಳ ಚೊಚ್ಚಲ ಪ್ರಶಸ್ತಿಗಳಲ್ಲಿ ಹಲವಕ್ಕೆ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಕಾನ್‌ನಲ್ಲಿ 1978ರಿಂದ ಕೊಡುತ್ತಿರುವ ಚೊಚ್ಚಲ ಚಿತ್ರದ ಪ್ರಶಸ್ತಿ ಕ್ಯಾಮೆರಾ ದೋರ್‌ಗೆ ಮೊದಲು ಚಿತ್ರವು ಉತ್ಸವದ ಅಧಿಕೃತ ಆಯ್ಕೆಗೋ ಸಮಾನಾಂತರ ವಿಭಾಗಗಳಿಗೋ ಸೇರಬೇಕು. ಆಗ ಮೊದಲ ಚಿತ್ರವೆಂಬ ಕಾರಣಕ್ಕೆ ಅದು ತಾನಾಗಿ ಸ್ಪರ್ಧೆಗೆ ಬರುತ್ತದೆ. ವೆನಿಸ್‌ನಲ್ಲೂ ಹೀಗೆಯೇ. ನಮ್ಮವರಿಗೆ ಇವು ದಕ್ಕದವೇನಲ್ಲ: 1988ರಲ್ಲಿ ಮೀರಾ ನಾಯರ್ ಅವರ ಮತ್ತು 1999ರಲ್ಲಿ ಮುರಳಿ ನಾಯರ್ ಅವರ ಚೊಚ್ಚಲ ಚಿತ್ರಗಳು ಕಾನ್‌ನಲ್ಲಿ ಗೆದ್ದವು, 2014ರಲ್ಲಿ ಚೈತನ್ಯ ತಮ್ಹಾಣೆ ಅವರ ‘ಕೋರ್ಟ್’ ವೆನಿಸ್‌ನಲ್ಲಿ ಗೆದ್ದಿತು. ಕನ್ನಡದ ಮಟ್ಟಿಗೆ ನಾನು ಎಲ್ಲರಿಗೂ ಹೇಳುವ ಉದಾಹರಣೆ ‘ತಿಥಿ’. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಪಾತ್ರಗಳಾಗಿಸಿ ರಾಮ್ ರೆಡ್ಡಿ ಮಾಡಿದ ಆ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಮೊದಲ ಬಾರಿಗೆ ತೆರೆ ಕಂಡು, ತನ್ನ ವಿಭಾಗದ ಮೊದಲ ಬಹುಮಾನವಾದ ಚಿನ್ನದ ಚಿರತೆಯನ್ನೂ ಅತ್ಯುತ್ತಮ ಚೊಚ್ಚಲ ಚಿತ್ರದ ಬಹುಮಾನವನ್ನೂ ಗೆದ್ದಿತು. ಅದೇ ವರ್ಷದ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಅದಕ್ಕೆ ಸಿಕ್ಕಿದ್ದು ಅತ್ಯುತ್ತಮ ಕನ್ನಡ ಚಿತ್ರ. ಚೊಚ್ಚಲ ನಿರ್ದೇಶನದ ಗೌರವ ನೀರಜ್ ಘೈವಾನ್ ಅವರ ‘ಮಸಾನ್’ಗೆ ಹೋಯಿತು. ಆದ್ದರಿಂದ ಒಂದೇ ಪ್ರಶಸ್ತಿಯನ್ನು ನೆಚ್ಚಿ ಕೂರಬಾರದು. 1977ರಲ್ಲಿ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ ದೇಶದ ಅತ್ಯುತ್ತಮ ಚಿತ್ರವಾಗಿ ಸ್ವರ್ಣ ಕಮಲ ಪಡೆದಾಗ ಚೊಚ್ಚಲ ವಿಭಾಗವೆಂಬುದೇ ಹುಟ್ಟಿರಲಿಲ್ಲ.

ಹಾಗಾದರೆ ನೀವು ಮಾಡಬೇಕಾದ್ದೇನು? ಮೊದಲ ಆರೇಳು ತಿಂಗಳು ಚಿತ್ರವನ್ನು ಉತ್ಸವಗಳಿಗೆ ಮಾತ್ರ ಕಳುಹಿಸಿ. ಗೋವಾದ ಉತ್ಸವದಲ್ಲಿ 2024ರಿಂದ ಭಾರತೀಯ ಚಿತ್ರಗಳ ಚೊಚ್ಚಲ ನಿರ್ದೇಶಕರಿಗೆಂದೇ 5 ಲಕ್ಷ ರೂಪಾಯಿಯ ಪ್ರಶಸ್ತಿ ಆರಂಭವಾಗಿದೆ. ಮೊದಲ ಸಲ ಅದು ಮರಾಠಿಯ ‘ಘರತ್ ಗಣಪತಿ’ಯ ನಿರ್ದೇಶಕರಿಗೆ ಹೋಯಿತು. ತಿರುವನಂತಪುರದ ಉತ್ಸವದಲ್ಲೂ ಭಾರತದ ಚೊಚ್ಚಲ ನಿರ್ದೇಶಕರಿಗೆ ಕೆ. ಆರ್. ಮೋಹನನ್ ಹೆಸರಿನ ಪ್ರಶಸ್ತಿಯಿದೆ, ಮತ್ತು ಅಲ್ಲಿಯ ಪ್ರೇಕ್ಷಕರು ಸಣ್ಣ ಭಾಷೆಯ ಚಿತ್ರವನ್ನೂ ಸರತಿಯಲ್ಲಿ ನಿಂತು ನೋಡುವವರು. ಬೆಂಗಳೂರಿನ ಉತ್ಸವವನ್ನು ಆಮೇಲೆ ಯೋಚಿಸಬಹುದು. ಕರ್ನಾಟಕ ರಾಜ್ಯ ಪ್ರಶಸ್ತಿಗಳಲ್ಲೂ ಹೊಸ ನಿರ್ದೇಶಕರ ಮೊದಲ ಚಿತ್ರಕ್ಕೆ ಒಂದು, ರಾಜ್ಯದ ಪ್ರಾದೇಶಿಕ ಭಾಷೆಯ ಚಿತ್ರಕ್ಕೆ ಇನ್ನೊಂದು ಪ್ರಶಸ್ತಿಯಿದೆ. ಅವೆರಡಕ್ಕೂ ನೀವು ಅರ್ಹರು.

ಸೆನ್ಸಾರ್ ಪ್ರಮಾಣಪತ್ರದ ದಿನಾಂಕವನ್ನು ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ರಾಷ್ಟ್ರೀಯ ಪ್ರಶಸ್ತಿಗೆ ಯಾವ ವರ್ಷದ ಚಿತ್ರ ಎಂದು ನಿರ್ಧರಿಸುವುದು ಬಿಡುಗಡೆಯ ದಿನವಲ್ಲ, ಜನವರಿ 1ರಿಂದ ಡಿಸೆಂಬರ್ 31ರೊಳಗೆ ಆ ಪ್ರಮಾಣಪತ್ರ ಸಿಕ್ಕಿದ ದಿನ. ಪುತ್ತರಿಯ ಗಡಿಬಿಡಿಯಲ್ಲಿ ಡಿಸೆಂಬರ್ ಕೊನೆಗೆ ಅದನ್ನು ಪಡೆದುಬಿಟ್ಟರೆ ಆ ವರ್ಷದ ಪೈಪೋಟಿಗೆ ಬೀಳುತ್ತೀರಿ, ಅರ್ಜಿಯ ಗಡುವಿನೊಳಗೆ ಉಳಿದ ಸಿದ್ಧತೆಗೆ ಸಮಯ ಉಳಿಯದು. ಜನವರಿಯಲ್ಲಿ ಪಡೆದರೆ ಇಡೀ ವರ್ಷ ನಿಮ್ಮದು. ಇಂಗ್ಲಿಷ್ ಉಪಶೀರ್ಷಿಕೆ ಕಡ್ಡಾಯ. ಶ್ರವಣ ಮತ್ತು ದೃಷ್ಟಿ ದೋಷವುಳ್ಳವರಿಗಾಗಿ ಶೀರ್ಷಿಕೆ ಹಾಗೂ ಧ್ವನಿವಿವರಣೆಯನ್ನು ಸೇರಿಸಬೇಕೆಂಬ ಮಾರ್ಗಸೂಚಿಯೂ 2024ರಲ್ಲಿ ಬಂದಿದೆ, ಅದರ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ತಾಳ್ಮೆಯೂ ಬೇಕು: 2022ರ ಚಿತ್ರಗಳ ಪ್ರಶಸ್ತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ, 2023ರವುಗಳದ್ದು 2025ರ ಆಗಸ್ಟ್‌ನಲ್ಲಿ.

ಉಪಶೀರ್ಷಿಕೆಯ ಬಗ್ಗೆ ನನ್ನ ಕಸುಬಿನ ಮಾತೊಂದನ್ನು ಹೇಳಲೇಬೇಕು. ನಿಮ್ಮ ತೀರ್ಪುಗಾರರಲ್ಲಿ ಕೊಡವ ತಕ್ಕ್ ಬಲ್ಲವರು ಒಬ್ಬರೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ ದೀಪದೆದುರು ಹಿರಿಯನೊಬ್ಬ ಆಡುವ ಮಾತಿನ ಭಾರ ನಮಗೆ ತಾನಾಗಿ ತಿಳಿಯುತ್ತದೆ. ಅವರಿಗೆ ತಿಳಿಯಬೇಕಾದರೆ ಅದು ದೃಶ್ಯದಲ್ಲೇ ಇರಬೇಕು, ಅಥವಾ ಆ ಎರಡು ಸಾಲು ಇಂಗ್ಲಿಷಿನಲ್ಲಿರಬೇಕು. ಕೊಡಗೆಂದರೆ ಮಂಜು, ಮಳೆ, ಹಾಡಿನ ಹಿನ್ನೆಲೆ ಎಂದು ನೋಡಿ ಅಭ್ಯಾಸವಾದ ಕಣ್ಣುಗಳ ಮುಂದೆ ನೀವು ಮನೆಯೊಳಗಿನ ಕಥೆ ಹೇಳುತ್ತಿದ್ದೀರಿ. ಚಿತ್ರೀಕರಣಕ್ಕೆ ಖರ್ಚು ಮಾಡಿ ಉಪಶೀರ್ಷಿಕೆಯನ್ನು ಯಂತ್ರಾನುವಾದಕ್ಕೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಊರಿನವರಿಗೆ ತೋರಿಸಬಾರದೆಂದು ನಾನು ಹೇಳುತ್ತಿಲ್ಲ. ಚಿತ್ರದಲ್ಲಿ ನಟಿಸಿದವರಿಗೆ, ದುಡಿದವರಿಗೆ ಟಿಕೆಟ್ಟಿಲ್ಲದೆ, ಪ್ರಚಾರವಿಲ್ಲದೆ ಬಾಗಿಲು ಹಾಕಿಕೊಂಡು ತೋರಿಸಿದರೆ ಅದನ್ನು ಯಾರೂ ಸಾರ್ವಜನಿಕ ಪ್ರದರ್ಶನವೆಂದು ಎಣಿಸುವುದಿಲ್ಲ. ಯಾರೂ ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್‌ನಲ್ಲಿ ಹಂಚದಂತೆ ನೋಡಿಕೊಂಡರೆ ಸಾಕು. ಕೊಡವ ಸಮಾಜದ ಸಭಾಂಗಣಗಳಲ್ಲಿ ಟಿಕೆಟ್ ಇಟ್ಟು ಒಂದೊಂದೇ ಊರಿಗೆ ಒಯ್ಯುವ ಪ್ರದರ್ಶನಗಳನ್ನು ಉತ್ಸವದ ಸುತ್ತು ಮುಗಿದ ಮೇಲೆ ಇಟ್ಟುಕೊಳ್ಳಿ. ಹಾಕಿದ ಹಣ ಒಂದಿಷ್ಟಾದರೂ ಮರಳುವುದು ಅಲ್ಲಿಂದಲೇ, ಪ್ರಶಸ್ತಿಯ ಹೆಸರಿದ್ದರೆ ಆಗ ಸಭಾಂಗಣವೂ ತುಂಬುತ್ತದೆ.

ಕೊನೆಯದಾಗಿ, ರಾಷ್ಟ್ರೀಯ ಪ್ರಶಸ್ತಿಗೆ ಚಿತ್ರವನ್ನು ಸಲ್ಲಿಸಬೇಕಾದವರು ನಿರ್ದೇಶಕರಲ್ಲ, ನಿರ್ಮಾಪಕರು ಅಥವಾ ಹಕ್ಕುಸ್ವಾಮ್ಯ ಹೊಂದಿದವರು. ಗೆಳೆಯರೆಲ್ಲ ಸೇರಿ ಹಣ ಹಾಕಿದ್ದೇವೆ ಎಂದಿದ್ದೀರಿ, ಆದರೆ ಕಾಗದದ ಮೇಲೆ ನಿರ್ಮಾಪಕರು ಯಾರು ಎಂದು ಹೇಳಿಲ್ಲ. ಸೆನ್ಸಾರ್ ಅರ್ಜಿಯಲ್ಲಿ ಬರೆದ ಹೆಸರೇ ಮುಂದೆ ಎಲ್ಲ ಕಡೆಯೂ ನಡೆಯುವುದರಿಂದ, ಅದಕ್ಕೆ ಮೊದಲೇ ಎಲ್ಲರೂ ಕೂತು, ಯಾರ ಹೆಸರಿನಲ್ಲಿ ಹಕ್ಕು ಇರಬೇಕು, ಯಾರ ಪಾಲೆಷ್ಟು ಎಂದು ಬರೆದು ಸಹಿ ಹಾಕಿಸಿಕೊಳ್ಳಿ.