ಎರಡನೇ ಗೇರ್ ಕರಕರ ಎನ್ನುತ್ತದೆ, ಮೂರನೆಯದು ನಿಲ್ಲುವುದಿಲ್ಲ

ಪ್ರಶ್ನೆ: ನಮ್ಮ ಹಳೆಯ ಕಾರಿನಲ್ಲಿ ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ, ಅದರಲ್ಲೂ ಬೆಳಗಿನ ಚಳಿಯಲ್ಲಿ, ಕರಕರ ಸದ್ದು ಬರುತ್ತದೆ. ಈಚೆಗೆ ಇಳಿಜಾರಿನಲ್ಲಿ ಮೂರನೇ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಬೀಳುತ್ತಿದೆ. ಗೇರ್ ಬಾಕ್ಸ್ ಇಳಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಕಾಫಿ ಕೊಯ್ಲು ಮುಗಿಯುವವರೆಗೆ ಹೀಗೆಯೇ ಓಡಿಸಬಹುದೇ? ಚಾರ್ಮಾಡಿ ಘಾಟಿಯಲ್ಲಿ ಆಗಾಗ ಹೋಗಿಬರಬೇಕಾಗುತ್ತದೆ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ಹೇಳಿರುವ ಎರಡು ತೊಂದರೆಗಳ ತೂಕ ಒಂದೇ ಅಲ್ಲ. ಸದ್ದು ಮಾಡುವ ಎರಡನೇ ಗೇರನ್ನು ಜಾಗರೂಕತೆಯಿಂದ ಕೆಲವು ಕಾಲ ನಿಭಾಯಿಸಬಹುದು. ತಾನಾಗಿಯೇ ಕಳಚಿಕೊಳ್ಳುವ ಮೂರನೇ ಗೇರನ್ನು ನಂಬಿ ಘಾಟಿ ಇಳಿಯುವುದು ಖಂಡಿತ ಬೇಡ. ಕೊಟ್ಟಿಗೆಹಾರದಿಂದ ಕೆಳಗಿನ ತಿರುವುಗಳಲ್ಲಿ ವಾಹನವನ್ನು ಹಿಡಿದಿಡುವುದು ಮುಖ್ಯವಾಗಿ ಎಂಜಿನ್ನಿನ ತಡೆ. ಗೇರ್ ಕಳಚಿದ ಕ್ಷಣದಲ್ಲಿ ಆ ತಡೆ ಇಲ್ಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಅತಿಯಾಗಿ ಕಾದರೆ ಅದರ ಹಿಡಿತವೂ ಕುಗ್ಗುತ್ತದೆ. ಗೇರ್ ಲಿವರನ್ನು ಕೈಯಿಂದ ಒತ್ತಿಹಿಡಿದು ಇಳಿಯುವುದು ಪರಿಹಾರವಲ್ಲ. ಅದರಿಂದ ಒಳಗೆ ಗೇರ್ ಕೂಡಿಸುವ ಕವಲು, ಅಂದರೆ ಫೋರ್ಕ್, ಇನ್ನಷ್ಟು ಸವೆಯುತ್ತದೆ.

ಗೇರ್ ಬಾಕ್ಸ್ ಇಳಿಸುವ ಮೊದಲು ಹೊರಗಿನ ಕಾರಣಗಳನ್ನು ನೋಡಿಸಿ. ಲಿಂಕೇಜಿನ (ಲಿವರನ್ನು ಗೇರ್ ಬಾಕ್ಸಿಗೆ ಜೋಡಿಸುವ ಭಾಗದ) ಬುಷ್ ಅಥವಾ ಎಂಜಿನ್ನನ್ನು ಹಿಡಿದಿಡುವ ಮೌಂಟಿಂಗ್ ಹೋಗಿದ್ದರೂ ಗೇರ್ ಪೂರ್ತಿ ಕೂರದೆ ಕಳಚಿಕೊಳ್ಳುತ್ತದೆ, ಅದು ಸಣ್ಣ ಖರ್ಚಿನ ಕೆಲಸ. ಕ್ಲಚ್ಚನ್ನೂ ಪರೀಕ್ಷಿಸಿ: ಎಂಜಿನ್ ಓಡುತ್ತಿರುವಾಗ, ಕಾರು ನಿಂತಿರುವಂತೆಯೇ, ಕ್ಲಚ್ ಪೂರ್ತಿ ಒತ್ತಿ ಕೆಲವು ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಎಂದು ತಿಳಿಯಬೇಕು. ಸದ್ದು ಎರಡನೇ ಗೇರಿನಲ್ಲಿ ಮಾತ್ರ ಬರುತ್ತಿದ್ದರೆ ಆ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿರುವ ಸಂಭವವೇ ಹೆಚ್ಚು. ಹಲ್ಲುಗಳು ಕೂಡುವ ಮುನ್ನ ಗೇರಿನ ವೇಗವನ್ನೂ ಶಾಫ್ಟಿನ ವೇಗವನ್ನೂ ಉಜ್ಜಿ ಸಮ ಮಾಡುವುದು ಈ ರಿಂಗಿನ ಕೆಲಸ; ಚಳಿಗೆ ಆಯಿಲ್ ಗಟ್ಟಿಯಾದಾಗ ಸವೆದ ರಿಂಗಿಗೆ ಅದು ಇನ್ನೂ ಕಷ್ಟ.

ಆ ಕೆಲಸವನ್ನು ನಿಮ್ಮ ಕಾಲೇ ಮಾಡಬಹುದು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ತುಸು ಒತ್ತಿ, ಮತ್ತೆ ಕ್ಲಚ್ ಒತ್ತಿ ಎರಡನೇ ಗೇರ್ ಹಾಕಿ. ವೇಗ ಹೊಂದಿದಾಗ ಲಿವರ್ ತಾನೇ ಒಳಗೆ ಸರಿಯುತ್ತದೆ. ಹಳೆಯ ಲಾರಿ ಚಾಲಕರೆಲ್ಲ ಹೀಗೆಯೇ ಓಡಿಸುತ್ತಿದ್ದರು, ಸಮತಟ್ಟು ರಸ್ತೆಯಲ್ಲಿ ಕೆಲವೇ ದಿನಗಳ ಅಭ್ಯಾಸ ಸಾಕು.

ಗೇರ್ ಆಯಿಲನ್ನು ತಪ್ಪದೆ ಬದಲಾಯಿಸಿ, ಇಳಿಸಿದ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ನುಣ್ಣನೆಯ ಹೊಂಬಣ್ಣದ ಪುಡಿ ಸವೆದ ಹಿತ್ತಾಳೆ ರಿಂಗಿನದು. ಉಕ್ಕಿನ ಚೂರುಗಳು ಕಂಡರೆ ಮಾತ್ರ ಕಾರನ್ನು ಅಲ್ಲಿಯೇ ನಿಲ್ಲಿಸಬೇಕು. ಕಾರಿನ ಕೈಪಿಡಿಯಲ್ಲಿ ಆಯಿಲಿನ ದರ್ಜೆ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ, ಏಕೆಂದರೆ ಕೆಲವು ಜಿಎಲ್-5 ಆಯಿಲ್‌ಗಳ ರಾಸಾಯನಿಕ ಹಿತ್ತಾಳೆಯನ್ನು ತಿನ್ನುತ್ತದೆ.

ಬುಷ್, ಮೌಂಟಿಂಗ್ ಸರಿಯಿದ್ದೂ ಮೂರನೇ ಗೇರ್ ಕಳಚುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಕೊಯ್ಲಿನವರೆಗೆ ಕಾಯಬೇಡಿ. ಹೇಗೂ ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟನ್ನೂ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗನ್ನೂ ನೋಡಿಸಿಬಿಡಿ. ಬಿಚ್ಚುವ ಕೂಲಿ ಎರಡು ಸಲ ಬೀಳುವುದಿಲ್ಲ.