ಓಟಗಾರ ಬಿದ್ದಿರಲಿಲ್ಲ, ಚೆಂಡು ಗೆರೆ ದಾಟಿತ್ತು, ಆದರೂ ಟಚ್‌ಡೌನ್ ಯಾಕೆ ಕೊಡಲಿಲ್ಲ?

ನೀವು ಕೇಳಿರುವುದು 2012ರ ಸ್ಟ್ಯಾನ್‌ಫರ್ಡ್–ನೋಟರ್ ಡೇಮ್ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಕೊನೆಯ ಆಟದ ಬಗ್ಗೆ (ಇಲ್ಲಿ ಆಟ ಅಂದರೆ ಇಡೀ ಪಂದ್ಯ ಅಲ್ಲ, ಚೆಂಡು ಮುಂದೆ ಒಯ್ಯುವ ಒಂದೊಂದು ಯತ್ನ). ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್; ಅದಕ್ಕೂ ಮುಂಚೆ ಓಟಗಾರನ ಮಂಡಿ ನೆಲಕ್ಕೆ ತಾಗಿದರೆ ಆ ಆಟ ಅಲ್ಲಿಗೇ ಮುಗಿಯಿತು. ಸ್ಟ್ಯಾನ್‌ಫರ್ಡ್‌ನ ಓಟಗಾರ ಸ್ಟೆಫನ್ ಟೇಲರ್ ಚೆಂಡನ್ನು ಗೆರೆಯಾಚೆ ಚಾಚಿದ್ದು ವಿಡಿಯೋದಲ್ಲಿ ಕಾಣುತ್ತದೆ, ಮಂಡಿ ನೆಲಕ್ಕೆ ತಾಗಿದ್ದು ಕಾಣುವುದಿಲ್ಲ, ಆದರೂ ಇಲ್ಲ ಅಂದರು, ಇದು ಮೋಸ ಅಲ್ವಾ ಅಂತ ನಿಮ್ಮ ಪ್ರಶ್ನೆ. ಮೋಸ ಅಲ್ಲ. ಹಾಗಂತ ಸರಿ ಅಂತಲೂ ಎದೆ ತಟ್ಟಿ ಹೇಳಲಾರೆ.

ನಾನು ಎಂ.ಎಸ್. ಮಾಡಿದ್ದು ಒಹಾಯೋದಲ್ಲಿ, ಈಗಲೂ ಇರುವುದು ಇಲ್ಲೇ. ನೋಟರ್ ಡೇಮ್ ಗೆದ್ದರೂ ಸೋತರೂ ನನಗೇನೂ ಇಲ್ಲ. ಮುಂದೆ ನಮ್ಮ ಒಹಾಯೋ ಸ್ಟೇಟ್ ತಂಡದ ಬದ್ಧ ಎದುರಾಳಿ ಮಿಶಿಗನ್ ಹೆಸರು ಬರುತ್ತದೆ, ಅಲ್ಲಿ ಮಾತ್ರ ನನ್ನನ್ನು ಪೂರ್ತಿ ನಂಬಬೇಡಿ.

ತೊಂದರೆ ಏನಪ್ಪಾ ಅಂದರೆ ನಾವು ಕಬಡ್ಡಿ ನೋಡಿ ಬೆಳೆದವರು. ನಾಲ್ಕು ಜನ ಮೇಲೆ ಬಿದ್ದು ಅದುಮಿ ಹಿಡಿದಿದ್ದರೂ ರೈಡರ್ ಒದ್ದಾಡಿ ಬೆರಳ ತುದಿ ನಡುಗೆರೆಗೆ ತಾಗಿಸಿಬಿಟ್ಟರೆ ಮೈದಾನವೆಲ್ಲ ಎದ್ದು ಕುಣಿಯುತ್ತದೆ. ಆ ಕಣ್ಣಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡಿದರೆ ಟೇಲರ್‌ಗೆ ಅನ್ಯಾಯ ಆದಂತೆಯೇ ಕಾಣುತ್ತದೆ. ಆದರೆ ಇಲ್ಲಿ ಫಾರ್ವರ್ಡ್ ಪ್ರೋಗ್ರೆಸ್ ಅಂತ ಒಂದು ನಿಯಮ ಇದೆ. ಅದರೊಳಗೆ ಎರಡು ಬೇರೆ ಬೇರೆ ಪ್ರಶ್ನೆ ಅಡಗಿವೆ, ಜಗಳ ಆಡುವಾಗ ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು "ಎಲ್ಲಿ", ಇನ್ನೊಂದು "ಯಾವಾಗ".

"ಎಲ್ಲಿ" ಅನ್ನುವುದು ಓಟಗಾರನ ಪರ. ಅವನು 30ನೇ ಯಾರ್ಡಿನ ಗೆರೆ ತನಕ ಬಂದ, ಅಲ್ಲಿ ಇಬ್ಬರು ಧಡೂತಿ ಎದುರಾಳಿಗಳು ಅವನನ್ನು ಎತ್ತಿಕೊಂಡು ಮೂರು ಯಾರ್ಡ್ ಹಿಂದಕ್ಕೆ ಒಯ್ದು ಕೆಡವಿದರು ಅಂದುಕೊಳ್ಳಿ. ಚೆಂಡು ಇಡುವುದು ಬಿದ್ದ ಕಡೆ ಅಲ್ಲ, 30ರಲ್ಲೇ. ತಪ್ಪಿಸಿಕೊಳ್ಳಲು ತಾನಾಗಿಯೇ ಹಿಂದಕ್ಕೆ ಓಡಿ ಸಿಕ್ಕಿಬಿದ್ದರೆ ಈ ಲಾಭ ಇಲ್ಲ, ಅದು ಅವನ ಕರ್ಮ.

"ಯಾವಾಗ" ಅನ್ನುವುದು ಅವನ ವಿರುದ್ಧ. ಇವನನ್ನು ಹಿಡಿದು ನಿಲ್ಲಿಸಿಬಿಟ್ಟಿದ್ದಾರೆ, ಇನ್ನು ಮುಂದೆ ಹೋಗಲ್ಲ ಅಂತ ರೆಫರಿಗೆ ಅನ್ನಿಸಿದ ಕ್ಷಣಕ್ಕೆ ಆಟ ಮುಗಿಯಿತು. ಮಂಡಿ ತಾಗಬೇಕಿಲ್ಲ, ನಿಂತೇ ಇರಬಹುದು. ಆಮೇಲೆ ಅವನು ಹೊರಳಿ ಗೆರೆ ದಾಟಿದರೂ ಲೆಕ್ಕಕ್ಕಿಲ್ಲ, ಅವನ ಕೈಯಿಂದ ಚೆಂಡು ಕಿತ್ತುಕೊಂಡರೂ ಲೆಕ್ಕಕ್ಕಿಲ್ಲ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಇಬ್ಬರು ತಬ್ಬಿ ಹಿಡಿದವನಿಗೆ ಮೈ ಕಾಪಾಡಿಕೊಳ್ಳಲು ಆಗುವುದಿಲ್ಲ, ಸೀಟಿ ಊದದಿದ್ದರೆ ಮೂರನೆಯವನು ಓಡಿಬಂದು ಪಕ್ಕೆಗೆ ಗುದ್ದುತ್ತಾನೆ.

ಈಗ ಟೇಲರ್ ಕಥೆಗೆ ಬನ್ನಿ. ಅಕ್ಟೋಬರ್ 13, ಸೌತ್ ಬೆಂಡ್‌ನಲ್ಲಿ ಮಳೆ, 13–13ಕ್ಕೆ ಸಮ ಆಗಿ ಓವರ್‌ಟೈಮ್. ನೋಟರ್ ಡೇಮ್ ಮೊದಲು ಟಚ್‌ಡೌನ್ ಹೊಡೆದು 20–13 ಮಾಡಿತ್ತು. ಸ್ಟ್ಯಾನ್‌ಫರ್ಡ್‌ಗೆ ಉಳಿದಿದ್ದು ಒಂದೇ ಅವಕಾಶ, ಗೆರೆ ಮೂಗಿನ ತುದಿಯಲ್ಲೇ ಇತ್ತು. ಟೇಲರ್ ನುಗ್ಗಿದ, ಗೋಡೆಗೆ ಗುದ್ದಿದವನ ಹಾಗೆ ನಿಂತ, ಮೈಗಳ ರಾಶಿಯ ಮೇಲೆ ಸಿಕ್ಕಿಕೊಂಡ, ಆಮೇಲೆ ಹೊರಳಿ ಚೆಂಡನ್ನು ಚಾಚಿದ. ಆ "ನಿಂತ" ಮತ್ತು "ಹೊರಳಿದ" ನಡುವಿನ ಸಂದಿಯಲ್ಲೇ ಆಟ ಮುಗಿಯಿತು ಅಂತ ತೀರ್ಪು. ರಿಪ್ಲೇ ನೋಡಿದರು, ಬದಲಾಗಲಿಲ್ಲ. ನೋಟರ್ ಡೇಮ್ ಆ ಸೀಸನ್ ಸೋಲೇ ಇಲ್ಲದೆ ಫೈನಲ್ ತನಕ ಹೋಯಿತು, ಅಲ್ಲಿ ಅಲಬಾಮಾ 42–14ರಲ್ಲಿ ಚಚ್ಚಿತು, ಅದು ಬೇರೆ ಮಾತು.

2016ರ ಒಹಾಯೋ ಸ್ಟೇಟ್–ಮಿಶಿಗನ್ ಪಂದ್ಯವನ್ನೂ ಜನ ಇದರ ಜೊತೆ ಸೇರಿಸುತ್ತಾರೆ. ಅದು "ಯಾವಾಗ" ಜಗಳ ಅಲ್ಲ, "ಎಲ್ಲಿ" ಜಗಳ. ನವೆಂಬರ್ 26, ಎರಡನೇ ಓವರ್‌ಟೈಮ್, ನಾವು, ಅಂದರೆ ಒಹಾಯೋ ಸ್ಟೇಟ್, 27–24ರಲ್ಲಿ ಹಿಂದೆ. ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವುದು ನಾಲ್ಕು ಯತ್ನ, ಒಂದೊಂದಕ್ಕೂ ಡೌನ್ ಅಂತಾರೆ; ಅದು ನಾಲ್ಕನೇ ಡೌನ್, ಬೇಕಾಗಿದ್ದು ಒಂದು ಯಾರ್ಡ್. ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್ ತಾನೇ ಓಡಿ ತನ್ನದೇ ತಂಡದವನ ಬೆನ್ನಿಗೆ ಡಿಕ್ಕಿ ಹೊಡೆದ. ಆ ಹತ್ತು ಯಾರ್ಡಿನ ಗೆರೆ ಮುಟ್ಟಿದ ಅಂದರು, ರಿಪ್ಲೇ ನಂತರವೂ ಅದೇ ತೀರ್ಪು ಉಳಿಯಿತು. ಮುಂದಿನ ಆಟದಲ್ಲೇ ಕರ್ಟಿಸ್ ಸ್ಯಾಮ್ಯುಯೆಲ್ 15 ಯಾರ್ಡ್ ಓಡಿ ಟಚ್‌ಡೌನ್, 30–27. ಮಿಶಿಗನ್ ಕೋಚ್ ಜಿಮ್ ಹಾರ್ಬಾ ಅವತ್ತು ರೆಫರಿಗಳ ಬಗ್ಗೆ ಆಡಿದ ಮಾತಿಗೆ ಎರಡೂ ತಂಡಗಳು ಆಡುವ ಲೀಗ್ ಬಿಗ್ ಟೆನ್ ಮಿಶಿಗನ್ ವಿಶ್ವವಿದ್ಯಾಲಯಕ್ಕೆ 10,000 ಡಾಲರ್ ದಂಡ ಹಾಕಿತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಮಿಶಿಗನ್ ಹುಡುಗ ಎರಡು ವಾರ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ನನಗೆ ಕೇಳಿದರೆ, ಮುಟ್ಟಿದ. ಮೊದಲೇ ಹೇಳಿದೆನಲ್ಲ, ನಂಬಬೇಡಿ ಅಂತ.

ಈ "ಎಲ್ಲಿ" ಎಷ್ಟು ಅಂದಾಜಿನ ಕೆಲಸ ಅಂತ ನನಗೆ ಗೊತ್ತಾಗಿದ್ದು ಟಿವಿಯಿಂದ ಅಲ್ಲ. ನನ್ನ ಮಗ ಹೈಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾನೆ, ಶುಕ್ರವಾರ ರಾತ್ರಿಯ ಪಂದ್ಯಗಳಿಗೆ ಅವನನ್ನು ಬಿಡಲು ಹೋಗಿ ಹೋಗಿ ಒಂದು ದಿನ, ಜನ ಸಾಲದು ಅಂತ, ಹತ್ತು ಯಾರ್ಡ್ ಆಯಿತಾ ಅಂತ ಅಳೆಯುವ ಸರಪಳಿಯ ಒಂದು ಕೋಲು ನನ್ನ ಕೈಗೆ ಬಂತು. ಇಡೀ ಸೀಸನ್ ಹಿಡಿದೆ. ಬದಿಗೆರೆಯ ರೆಫರಿ, ಲೈನ್ಸ್‌ಮನ್, ನನ್ನಿಂದ ಮೂರು ಮಾರು ದೂರದಲ್ಲಿ ಇರುತ್ತಿದ್ದ. ರಾಶಿ ಬಿದ್ದ ತಕ್ಷಣ ಒಳಗೆ ಓಡುತ್ತಾನೆ, ಒಂದು ಪಾದ ಊರುತ್ತಾನೆ, ಎದುರು ಬದಿಯಿಂದ ಬರುವವನ ಪಾದದ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾನೆ, ಆ ಶೂಗಳ ನೇರಕ್ಕೆ ಇನ್ನೊಬ್ಬ ಚೆಂಡು ಇಡುತ್ತಾನೆ. ಚೆಂಡು ಮಾತ್ರ ಅಷ್ಟು ಹೊತ್ತೂ ಎರಡು ಕ್ವಿಂಟಲ್ ಮಾಂಸದ ಕೆಳಗೆ! ನನಗಂತೂ ಬಹಳಷ್ಟು ಸಲ ಅದು ಕಾಣಿಸಿದ್ದೇ ಇಲ್ಲ. ಹಾಗೆ ಕಣ್ಣಂದಾಜಿನಲ್ಲಿ ಇಟ್ಟ ಚೆಂಡಿಗೆ ಆಮೇಲೆ ನಾವು ಸರಪಳಿ ತಂದು, ಬಿಗಿಯಾಗಿ ಎಳೆದು, ಬೆರಳೆಡೆ ಲೆಕ್ಕದಲ್ಲಿ ಅಳೆಯುತ್ತಿದ್ದೆವು. ಒಂದು ಸಲ ನನಗೆ ನಗು ತಡೆಯಲಾಗದೆ ಲೈನ್ಸ್‌ಮನ್ ತಿರುಗಿ ನೋಡಿದ.

ಆದರೂ "ಎಲ್ಲಿ" ಅನ್ನುವುದಕ್ಕೆ ಕ್ಯಾಮೆರಾ ಸ್ವಲ್ಪ ಸಹಾಯ ಮಾಡುತ್ತದೆ. ಕಾಲೇಜು ಆಟದಲ್ಲಿ ಫಸ್ಟ್ ಡೌನ್ (ಹತ್ತು ಯಾರ್ಡ್ ಪೂರೈಸಿ ಹೊಸ ನಾಲ್ಕು ಯತ್ನ ಪಡೆಯುವುದು) ಅಥವಾ ಗೋಲ್ ಲೈನ್ ವಿಷಯ ಆದರೆ ಚೆಂಡು ಎಲ್ಲಿ ತಲುಪಿತ್ತು ಅಂತ ರಿಪ್ಲೇ ನೋಡಬಹುದು. "ಯಾವಾಗ" ನಿಂತ ಅನ್ನುವುದನ್ನು ಯಾವ ಕ್ಯಾಮೆರಾ ತೋರಿಸುತ್ತದೆ ಹೇಳಿ? ಅದು ಇರುವುದು ಒಬ್ಬ ಮನುಷ್ಯನ ತಲೆಯಲ್ಲಿ. ಬೇಗ ಊದಿದರೆ ಟಚ್‌ಡೌನ್ ತಪ್ಪಿಸಿದ ಅಂತ ಬೈಗುಳ, ತಡವಾಗಿ ಊದಿದರೆ ಹುಡುಗನ ಪಕ್ಕೆಲುಬು ಮುರಿಸಿದ ಅಂತ ಬೈಗುಳ. ಈಗಂತೂ ಓಟಗಾರನನ್ನು ಅವನ ತಂಡದವರೇ ಹಿಂದಿನಿಂದ ತಳ್ಳಬಹುದು. ರಾಶಿ ಒಂದು ಕ್ಷಣ ನಿಂತು, ತಳ್ಳಿದ ಮೇಲೆ ಮತ್ತೆ ಚಲಿಸುತ್ತದೆ. ಅದು ನಿಂತಿದ್ದಾ, ಉಸಿರು ತೆಗೆದುಕೊಂಡಿದ್ದಾ?

ನೀವು ಆ ವಿಡಿಯೋ ಇನ್ನೊಮ್ಮೆ ನೋಡಿ. ಮಂಡಿ ನೋಡಬೇಡಿ, ಚೆಂಡೂ ನೋಡಬೇಡಿ. ಟೇಲರ್‌ನ ಕಾಲುಗಳನ್ನು ಮಾತ್ರ ನೋಡಿ, ಅವು ನಿಂತ ಮೇಲೆ ಹೊರಳುವ ತನಕ ಎಷ್ಟು ಹೊತ್ತು ಅಂತ ಬಾಯಲ್ಲಿ ಎಣಿಸಿ. ಇದನ್ನು ಬರೆಯುವ ಮುಂಚೆ ನಾನು ಐದು ಸಲ ನೋಡಿದೆ. ಮೂರು ಸಲ ನಿಂತ ಅನ್ನಿಸಿತು, ಎರಡು ಸಲ ಇಲ್ಲ ಅನ್ನಿಸಿತು.