ಪ್ರತಿಕ್ರಿಯೆ: ಗಂಡು ಮೀನುಗಳ ವೃಷಣದಲ್ಲಿ ಅಂಡಾಣುಗಳು (ಮೊಟ್ಟೆಯ ಜೀವಕೋಶಗಳು) ಕಂಡಿರುವ ಬಗ್ಗೆ

ನೀವು ಹಿಡಿದ ಗಂಡು ಮೀನುಗಳ ವೃಷಣದಲ್ಲಿ ಅಂಡಾಣುಗಳು ಕಂಡಿರುವುದಕ್ಕೆ ಕಾರಣ ಬಹುಶಃ ಗರ್ಭನಿರೋಧಕ ಮಾತ್ರೆಗಳಲ್ಲಿರುವ ಎಥಿನೈಲ್‌ಎಸ್ಟ್ರಾಡಿಯಾಲ್ ಮತ್ತು ಅದರಂತಹ ಈಸ್ಟ್ರೋಜನ್‌ಗಳು, ಅಂದರೆ ಹೆಣ್ಣು ಹಾರ್ಮೋನುಗಳು. ಕೊಳಚೆನೀರು ಶುದ್ಧೀಕರಣ ಘಟಕದ ಕೆಳಗೆ ಹಿಡಿದ ಮೀನುಗಳಲ್ಲಷ್ಟೇ ಈ ಬದಲಾವಣೆ ಕಂಡಿದೆ, ಆಮ್ಲಜನಕ ಮತ್ತು ಅಮೋನಿಯ ಪರೀಕ್ಷೆಗಳಲ್ಲಿ ದೋಷವಿಲ್ಲ ಎಂದು ನೀವು ಬರೆದಿದ್ದೀರಿ; ಆ ಪರೀಕ್ಷೆಗಳು ಹಾರ್ಮೋನನ್ನು ಹುಡುಕುವುದೇ ಇಲ್ಲ. ಕೆನಡಾದ ಪ್ರಾಯೋಗಿಕ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಎಥಿನೈಲ್‌ಎಸ್ಟ್ರಾಡಿಯಾಲನ್ನು ಲೀಟರಿಗೆ ಸುಮಾರು 5–6 ನ್ಯಾನೋಗ್ರಾಂ ಮಟ್ಟದಲ್ಲಿ ಸೇರಿಸಿದಾಗ, ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಮೀನುಗಳ ಸಂತತಿ ಬಹುತೇಕ ಅಳಿದೇ ಹೋಯಿತು.

ಮೊದಲು ನಿಮ್ಮ ಮೀನು ಸ್ವಭಾವತಃ ದ್ವಿಲಿಂಗಿ ಜಾತಿಯದಲ್ಲವೆಂದು ಖಚಿತಪಡಿಸಿಕೊಳ್ಳಿ. ಬಳಿಕ ಘಟಕದ ಮೇಲ್ಭಾಗದಲ್ಲಿಯೂ ಕೆಳಭಾಗದಲ್ಲಿಯೂ ಗಂಡು ಮೀನುಗಳನ್ನು ಹಿಡಿದು, ರಕ್ತದಲ್ಲಿ ವಿಟೆಲ್ಲೊಜೆನಿನ್ ಅಳೆಯಿಸಿ. ಹೆಣ್ಣು ಮೀನುಗಳು ಮೊಟ್ಟೆಗಾಗಿ ತಯಾರಿಸುವ ಈ ಪ್ರೋಟೀನು ಗಂಡಿನಲ್ಲಿ ಹೆಚ್ಚಾಗಿದ್ದರೆ, ಅದು ಈಸ್ಟ್ರೋಜನ್ ತಾಕಿರುವುದಕ್ಕೆ ಬಲವಾದ ಪುರಾವೆ.

ನೀರಿನ ಮಾದರಿಯನ್ನು ಹರಿವು ಅತಿ ಕಡಿಮೆಯಿರುವ ದಿನಗಳಲ್ಲಿ, ಮೇಲ್ಭಾಗ, ಹೊರಹರಿವಿನ ಬಾಯಿ ಮತ್ತು ಕೆಳಭಾಗ ಈ ಮೂರೂ ಕಡೆ ಗಾಢಬಣ್ಣದ ಗಾಜಿನ ಬಾಟಲಿಗಳಲ್ಲಿ ಸಂಗ್ರಹಿಸಿ, ತಂಪಾಗಿಟ್ಟು ಬೇಗನೆ ತಲುಪಿಸಿ. ಕಳುಹಿಸುವ ಮುನ್ನವೇ ಪ್ರಯೋಗಾಲಯದ ಪತ್ತೆಮಿತಿಯನ್ನು, ಅಂದರೆ ಅದು ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣವನ್ನು, ಕೇಳಿ. ಅದು ಲೀಟರಿಗೆ 1 ನ್ಯಾನೋಗ್ರಾಂಗಿಂತ ಸಾಕಷ್ಟು ಕೆಳಗಿಲ್ಲದಿದ್ದರೆ ‘ಪತ್ತೆಯಾಗಿಲ್ಲ’ ಎಂಬ ವರದಿಗೆ ಬೆಲೆಯಿಲ್ಲ.

ಆದರೂ ಔಷಧವೇ ಕಾರಣವೆಂದು ಈಗಲೇ ಖಂಡಿತವಾಗಿ ಹೇಳಲಾಗದು, ಏಕೆಂದರೆ ಕೈಗಾರಿಕಾ ಮಾರ್ಜಕಗಳಿಂದ ಬರುವ ನೊನೈಲ್‌ಫೀನಾಲ್ ಕೂಡ ಇದೇ ಪರಿಣಾಮ ಬೀರಬಲ್ಲದು. ಆದ್ದರಿಂದ ಅದನ್ನೂ ಅಳೆಯಿಸಿ, ಮೂರು ಜಾಗಗಳ ಫಲಿತಾಂಶವನ್ನು ಮೀನಿನ ವರದಿಯೊಂದಿಗೆ ಮಾಲಿನ್ಯ ನಿಯಂತ್ರಣ ಅಧಿಕಾರಿಗಳಿಗೆ ಸಲ್ಲಿಸಿ, ಘಟಕಕ್ಕೆ ಓಝೋನ್ ಅಥವಾ ಸಕ್ರಿಯ ಇಂಗಾಲದ ಹಂತ ಸೇರಿಸುವಂತೆ ಲಿಖಿತವಾಗಿ ಕೇಳಿ.